ಎಣ್ಣೆ ಡಬ್ಬದ ಎರಡನೇ ತೂತು

ಮುಳಬಾಗಿಲಿನಿಂದ ನಂಗಲಿಗೆ ಹೋಗುವ ರಸ್ತೆಯ ಪಕ್ಕದಲ್ಲಿದ್ದ ನಮ್ಮ ಮನೆಗೆ ಎರಡು ಬಾಗಿಲಿದ್ದವು. ಎರಡೂ ಲಾರಿಯ ಕಡೆಗೇ ತೆರೆಯುತ್ತಿದ್ದವು. ಬೇರೆಯವರು ಹಸು ಕಟ್ಟುವ ಜಾಗದಲ್ಲಿ ನಮ್ಮಲ್ಲಿ ಲಾರಿ ನಿಲ್ಲುತ್ತಿತ್ತು. ನಾನು ಹುಟ್ಟುವ ಹೊತ್ತಿಗೇ ಅದಕ್ಕೆ ವಯಸ್ಸಾಗಿತ್ತು. ಅದರಿಂದ ಕಳಚಿದ್ದೆಲ್ಲ ಒಂದೊಂದಾಗಿ ಮನೆಯೊಳಗೆ ಬಂದು ಸೇರುತ್ತಿತ್ತು. ಜಗುಲಿಯ ಮೇಲೆ ನೆಂಟರನ್ನು ಕೂರಿಸುತ್ತಿದ್ದುದು ಲಾರಿಯ ಹಳೆಯ ಸೀಟಿನ ಮೇಲೆ. ಕೋಳಿಗೂಡಿಗೆ ಹೊದಿಸಿದ್ದು ಅದರ ಹರಿದ ಟಾರ್ಪಾಲು. ಅಮ್ಮ ಸೌದೆ ಕಟ್ಟುತ್ತಿದ್ದುದು ಸೀಳಿದ ಟ್ಯೂಬಿನಿಂದ. ಎಷ್ಟು ಒಗೆದರೂ ನನ್ನ ಲಂಗದಿಂದ ಡೀಸೆಲ್ ವಾಸನೆ ಹೋಗುತ್ತಿರಲಿಲ್ಲ. ಸ್ಕೂಲಿನಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡರೆ ನನಗೆ ಅವಮಾನವೇನೂ ಆಗುತ್ತಿರಲಿಲ್ಲ. ಅವರ ಮನೆಯಲ್ಲಿ ಲಾರಿ ಇಲ್ಲವಲ್ಲ ಪಾಪ, ಹೊಟ್ಟೆಕಿಚ್ಚು ಎಂದುಕೊಳ್ಳುತ್ತಿದ್ದೆ.

ಲಾರಿ ಅಪ್ಪನದು, ಓಡಿಸುತ್ತಿದ್ದವನು ಚಿಕ್ಕಪ್ಪ. ಈ ಒಂದು ಮಾತಿನಲ್ಲಿ ನಮ್ಮ ಮನೆಯ ಎಲ್ಲ ಜಗಳವೂ ಇದೆ. ಮೊದಲು ಅಪ್ಪನೇ ಓಡಿಸುತ್ತಿದ್ದ. ಯಾವುದೋ ತಿರುವಿನಲ್ಲಿ ಲಾರಿ ಮಗುಚಿ ಅವನ ಎಡ ಮಂಡಿ ನುಜ್ಜಾಯಿತು. ಕಾಲು ಉಳಿಯಿತು, ಆದರೆ ಮಡಿಸಲು ಬರದು. ಕ್ಲಚ್ ತುಳಿಯಲಾಗದ ಮನುಷ್ಯ ಲಾರಿ ಇಟ್ಟುಕೊಂಡು ಏನು ಮಾಡಬೇಕು? ಜಗುಲಿಯ ಮೇಲಿನ ಆ ಹಳೆಯ ಸೀಟಿನ ಮೇಲೆ ಎಡಗಾಲು ನೀಡಿಕೊಂಡು ಕೂತು, ತಮ್ಮ ಗಾಡಿ ತೆಗೆಯುವ ಸದ್ದಿಗೆ ಕಿವಿ ಕೊಡುತ್ತಿದ್ದ. ಯಾವ ಗೇರಿನಲ್ಲಿ ಏರು ಹತ್ತಿಸಿದ ಎಂದು ಕೂತಲ್ಲೇ ಹೇಳಿ ಬಯ್ಯುತ್ತಿದ್ದ. ಚಿಕ್ಕಪ್ಪ ಮುನಿರಾಜು ಅದಕ್ಕೆಲ್ಲ ನಗುತ್ತಿದ್ದ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೇರಿಂಗ್ ಹಿಡಿಸುತ್ತಿದ್ದವನು ಅವನೇ. ಚಿಕ್ಕಮ್ಮನಿಗೆ ಆಗಷ್ಟೇ ಮಗುವಾಗಿತ್ತು. ಮಗು ಸೇರಿ ಏಳು ಜನಕ್ಕೆ ಒಂದೇ ಒಲೆ. ಅಣ್ಣ ತಮ್ಮ ಅಕ್ಕಪಕ್ಕ ಕೂತೇ ಉಣ್ಣಬೇಕು ಎನ್ನುವುದು ಅಜ್ಜಿಯ ಕಾನೂನು. ಒಬ್ಬನ ಮುದ್ದೆ ಆರಿ ಹೋದರೂ ಇನ್ನೊಬ್ಬ ಬರುವ ತನಕ ಕಾಯಬೇಕಿತ್ತು.

ಅಜ್ಜಿಗೆ ಮನುಷ್ಯರ ಜೊತೆ ಕನ್ನಡ, ದೇವರ ಜೊತೆ ಮತ್ತು ಲಾರಿಯ ಜೊತೆ ತೆಲುಗು. ಪ್ರತಿ ಶುಕ್ರವಾರ ಕರ್ಪೂರ ಬೆಳಗಿ, ಬಾನೆಟ್ಟು ಸವರಿ, "ಮಂಚಿಗಾ ಪೋಯಿ ರಾ ತಲ್ಲಿ" ಎನ್ನುತ್ತಿದ್ದಳು. ಚೆನ್ನಾಗಿ ಹೋಗಿ ಬಾ ತಾಯಿ ಎಂದು. ಅರಿಶಿನ ಕುಂಕುಮ ಇಡುವುದು ಒಂಬತ್ತು ವರ್ಷದ ನನ್ನ ಕೆಲಸ. ಎರಡು ದೀಪ, ಸ್ಟೇರಿಂಗು, ನಾಲ್ಕು ಕಡೆ ಚಕ್ರ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಆ ವರ್ಷ ನಾನು ಸ್ವಂತ ಬುದ್ಧಿಯಿಂದ ಡೀಸೆಲ್ ಟ್ಯಾಂಕಿನ ಮುಚ್ಚಳವನ್ನೂ ಸೇರಿಸಿದೆ. ಎಲ್ಲರಿಗೂ ಮೊದಲು ಹೊಟ್ಟೆ ನೋಡುವ ಅಜ್ಜಿ ಲಾರಿಯ ಹೊಟ್ಟೆಯನ್ನೇ ಮರೆತಿದ್ದಾಳೆ ಅನಿಸಿತ್ತು. ಅಜ್ಜಿಗೂ ಅದು ಬಹಳ ಹಿಡಿಸಿತು. ಒಂದೇ ತೊಂದರೆಯೆಂದರೆ ಲಾರಿ ನಾಲ್ಕು ಮಾರು ಹೋಗುವಷ್ಟರಲ್ಲಿ ಅರಿಶಿನ ಉದುರಿಬಿಡುತ್ತಿತ್ತು. ನಾನು ಪುಸ್ತಕಕ್ಕೆ ಬೈಂಡು ಹಾಕಲು ಕಾಯಿಸಿದ್ದ ಮೈದಾ ಅಂಟನ್ನು ಅರಿಶಿನಕ್ಕೆ ಕಲಸಿದೆ. ಮುಚ್ಚಳದ ನಡುವೆ ಎಳ್ಳುಕಾಳಿನಷ್ಟು ಒಂದು ತೂತಿತ್ತು. ತುಕ್ಕು ತಿಂದಿರಬೇಕೆಂದು ಅದನ್ನೂ ಹೆಬ್ಬೆರಳಿನಿಂದ ಒತ್ತಿ ತುಂಬಿ ನುಣ್ಣಗೆ ಮಾಡಿದೆ. ಅದರ ಮೇಲೆ ಕುಂಕುಮ. ಒಂದು ವಾರವಾದರೂ ಅಲುಗಲಿಲ್ಲ. ನನ್ನ ಕೈಗುಣವನ್ನು ನಾನೇ ಮೆಚ್ಚಿಕೊಂಡೆ.

ಅದಾದ ಮೇಲೆ ಲಾರಿ ದಾರಿಯಲ್ಲಿ ನಿಲ್ಲತೊಡಗಿತು. ಒಂದು ತಿಂಗಳಲ್ಲಿ ಮೂರು ಸಲ, ಮೂರು ಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಮುಳಬಾಗಿಲಿನಲ್ಲಿ ಡೀಸೆಲ್ ತುಂಬಿಸಿ ಹೊರಟರೆ ನಂಗಲಿ ದಾಟಿ ಒಂದು ಟೀ ಅಂಗಡಿಯ ಹತ್ತಿರ ಕೆಮ್ಮಿ, ಮುಗ್ಗರಿಸಿ, ನಿಂತುಬಿಡುತ್ತಿತ್ತು. ಚಿಕ್ಕಪ್ಪ ಬಸ್ಸಿನವರ ಕೈಲಿ ಸುದ್ದಿ ಕಳಿಸುತ್ತಿದ್ದ. ಅಪ್ಪ ಮೆಕ್ಯಾನಿಕ್ ಪ್ಯಾರು ಮಾಮನನ್ನು ಕರೆದುಕೊಂಡು ಕುಂಟುತ್ತಾ ಬಸ್ಸು ಹತ್ತುತ್ತಿದ್ದ. ಪ್ಯಾರು ಮಾಮನದು ಒಂದು ಕ್ರಮ. ಯಾರು ಏನೇ ಹೇಳಲಿ, ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿ ಡೀಸೆಲ್ ಎಷ್ಟಿದೆ ನೋಡುತ್ತಿದ್ದ. ಆಮೇಲೆ ಪೈಪಿನಲ್ಲಿ ಸೇರಿದ ಗಾಳಿ ತೆಗೆದು ಸೆಲ್ಫ್ ಹೊಡೆದರೆ ಇಂಜಿನ್ ಏನೂ ಆಗಿಲ್ಲವೆನ್ನುವಂತೆ ಶುರುವಾಗುತ್ತಿತ್ತು. ಮೂರನೆಯ ಸಲವಂತೂ ಇವರು ಹೋಗುವಷ್ಟರಲ್ಲಿ ಲಾರಿ ತಾನಾಗಿಯೇ ಶುರುವಾಗಿ ಮುಂದಕ್ಕೆ ಹೊರಟುಹೋಗಿತ್ತು. ಅಪ್ಪ ಅವತ್ತು ಮನೆಗೆ ಬಂದವನು ಚಪ್ಪಲಿ ಬಿಡುವಾಗಲೂ ಯಾರನ್ನೂ ನೋಡಲಿಲ್ಲ.

ಲೋಡು ಇಳಿಸಿ ಚಿಕ್ಕಪ್ಪ ವಾಪಸು ಬಂದ ಸಾಯಂಕಾಲ ನಡುಮನೆಯಲ್ಲಿ ಇಬ್ಬರಿಗೂ ತಟ್ಟೆ ಹಾಕಿದ್ದರು. ಹುಣಸೆ ಚಿಗುರಿನ ಸಾರು. ಅಪ್ಪ ಮುದ್ದೆ ಮುರಿಯುತ್ತಾ ಕೇಳಿದ:

"ಲೇ ರಾಜ, ಮೆಕ್ಯಾನಿಕ್ ಬಂದ್ರೆ ಓಡ್ತದೆ. ಮನೆ ಮುಂದೆ ಓಡ್ತದೆ. ನೀನೊಬ್ನೇ ಇದ್ದಾಗ, ಅದೂ ಆ ಟೀ ಅಂಗಡಿ ಹತ್ರಾನೇ ನಿಲ್ತದೆ. ಅದೇನ್ಲಾ ಅದು?"

"ನಂಗೇನ್ ಗೊತ್ತಣ್ಣ. ನಿಲ್ತದೆ, ಅಷ್ಟೇ."

"ಕೆಟ್ಟೋಯ್ತು ಅಂತ ನಿಲ್ಸಿ ಅಲ್ಲಿ ಯಾರಿಗೆ ಡೀಸೆಲ್ ಇಳಿಸ್ತಿದ್ದೀಯ?"

ಚಿಕ್ಕಪ್ಪ ಮೊದಲು ನಕ್ಕ. ಅಪ್ಪ ನಗಲಿಲ್ಲ ಎಂದು ಗೊತ್ತಾದ ಮೇಲೆ ಅವನ ಮುಖ ಇಳಿದುಹೋಯಿತು. ಒಳಗಿನಿಂದ ಚಿಕ್ಕಮ್ಮ ಮಗುವನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಅವಳ ಮುಂದೆಯೇ ಹೇಳಿದ:

"ನಾಡಿದ್ದು ಗೌನಿಪಲ್ಲಿ ಮಾವಿನ ಲೋಡು. ಇನ್ನೊಂದ್ ಸಲ ನಿಲ್ತು ಅಂದ್ರೆ ಕೀ ನನ್ ಕೈಗೆ ಕೊಟ್ಬಿಡು. ಬೇರೆ ಮನೆ ನೋಡ್ಕೊ, ಬೇರೆ ಒಲೆ ಹಚ್ಕೊ."

ಹೇಳಿ, ತಟ್ಟೆ ಎತ್ತಿಕೊಂಡು ಜಗುಲಿಗೆ ಹೋದ. ಅಜ್ಜಿ "ಲೋ, ಲೋ" ಎಂದು ಹಿಂದೆ ಹೋದಳು. ನಾನು ಕಂಡಂತೆ ಅವರಿಬ್ಬರೂ ಬೇರೆ ಬೇರೆ ಕೂತು ಉಂಡದ್ದು ಅದೇ ಮೊದಲು. ಚಿಕ್ಕಪ್ಪ ಇಲ್ಲದ ಮನೆಯನ್ನು ಯೋಚಿಸಲು ನನಗೆ ಆಗಲಿಲ್ಲ. ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದುಕೊಂಡೆ.

ಹಂಗಾಮಿನ ಮೊದಲ ಮಾವಿನ ಲೋಡು ನೇರವಾಗಿ ಮದ್ರಾಸಿಗೆ ಹೋಗುವಂತಿರಲಿಲ್ಲ. ಗೌನಿಪಲ್ಲಿಯ ತೋಟದಿಂದ ಶ್ರೀನಿವಾಸಪುರಕ್ಕೆ ಬಂದು ಡೀಸೆಲ್ ತುಂಬಿಸಿಕೊಂಡು, ನಮ್ಮ ಮನೆಯ ಮುಂದೆ ನಿಂತು, ಅಜ್ಜಿಯ ಕೈಯಲ್ಲಿ ಪೂಜೆ ಮಾಡಿಸಿಕೊಂಡು, ಡ್ರೈವರ್ ಉಂಡ ಮೇಲೆಯೇ ಮುಂದಕ್ಕೆ. ಆ ದಿನ ಬೆಳಗ್ಗೆ ಎಂಟರ ಹೊತ್ತಿಗೆ ಲಾರಿ ಬಂತು. ಹುಲ್ಲು ಹಾಸಿ ತುಂಬಿದ ಬಾದಾಮಿ ಮಾವು, ಮೇಲೆ ಬಿಗಿದ ಟಾರ್ಪಾಲು. ರಸ್ತೆಯಿಂದ ಒಳಗೆ ತಿರುಗುವಾಗಲೇ ಇಂಜಿನ್ ಎರಡು ಸಲ ಮುಗ್ಗರಿಸಿದ್ದು ನನಗೂ ಕೇಳಿಸಿತು, ಜಗುಲಿಯಲ್ಲಿದ್ದ ಅಪ್ಪನಿಗೂ ಕೇಳಿಸಿತು. ಚಿಕ್ಕಪ್ಪ ಇಳಿದು ಲಾರಿಯ ಸುತ್ತ ಒಂದು ಸುತ್ತು ಬಂದ. ಟ್ಯಾಂಕಿನ ಪಕ್ಕದಲ್ಲೇ ನಿಂತು ಕೈಕಾಲು ತೊಳೆದುಕೊಂಡ. ಅಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ನಿಂತಿದ್ದ. ಆಮೇಲೆ ಒಳಗೆ ಬಂದು ಒಬ್ಬನೇ ಕೂತು ಉಂಡ. ನಾನು ಅಂಟು ಕಲಸಿದ ಅರಿಶಿನವನ್ನು ಹೊಸದಾಗಿ ಎಲ್ಲ ಕಡೆ ಬಳಿದೆ, ಮೊದಲ ಲೋಡೆಂದು ಟ್ಯಾಂಕಿನ ಮುಚ್ಚಳಕ್ಕೆ ಸ್ವಲ್ಪ ದಪ್ಪಗೇ ಬಳಿದೆ. ಅಜ್ಜಿ ಅದರ ಮೇಲೊಂದು ಕನಕಾಂಬರದ ತುಂಡು ಸಿಕ್ಕಿಸಿದಳು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಚಿಕ್ಕಪ್ಪ ಹತ್ತಿ ಸೆಲ್ಫ್ ಹೊಡೆದ. ಇಂಜಿನ್ ಹಿಡಿಯಿತು, ಎರಡು ನಿಮಿಷ ಅಳುಕಿತು, ನಿಂತಿತು.

ಮತ್ತೆ ಹೊಡೆದ. ತಿರುಗಿತು, ಹಿಡಿಯಲಿಲ್ಲ. ಇನ್ನೊಮ್ಮೆ. ನಿಂಬೆಹಣ್ಣು ಹಾಗೇ ಇತ್ತು. ಅಪ್ಪ ಎದ್ದು ನಿಂತ.

ಯಾರೋ ಸೈಕಲ್ಲಿನಲ್ಲಿ ಹೋಗಿ ಪ್ಯಾರು ಮಾಮನನ್ನು ಕರೆತಂದರು. ಬಂದವನೇ ರೂಢಿಯಂತೆ ಟ್ಯಾಂಕಿನ ಕಡೆ ಕೈ ಚಾಚಿ, ಹೂ ಅರಿಶಿನ ನೋಡಿ ಹಿಂದಕ್ಕೆ ತೆಗೆದುಕೊಂಡ.

"ಅಮ್ಮಾ, ಈಗಷ್ಟೇ ಪೂಜೆ ಮಾಡಿದ್ದೀರಿ. ನನ್ ಕೈಯೆಲ್ಲ ಗ್ರೀಸು. ಮುಟ್ಟೋದು ನಕ್ಕೋ, ಬೇಡ."

"ಅದನ್ನೇನ್ ನೋಡ್ತೀಯ," ಅಪ್ಪ ಹೇಳಿದ, "ಶ್ರೀನಿವಾಸಪುರದಲ್ಲಿ ಈಗ ತುಂಬಿಸಿರೋದು. ಡೀಸೆಲ್ ತುಂಬಾ ಐತೆ."

ಹಾಗೆ, ಬೇರೆ ದಿನ ಎಲ್ಲಕ್ಕಿಂತ ಮೊದಲು ಬಿಚ್ಚುತ್ತಿದ್ದ ಮುಚ್ಚಳವನ್ನು ಅವತ್ತು ಪ್ಯಾರು ಮಾಮ ಮರ್ಯಾದೆಗೆ ಬಿಟ್ಟ. ಬ್ಯಾಟರಿಯ ತಂತಿ ತಿಕ್ಕಿ ಬಿಗಿದ. ಫಿಲ್ಟರ್ ಬಿಚ್ಚಿ ತೊಳೆದ. ಪಂಪಿನ ಪಕ್ಕದ ಸ್ಕ್ರೂ ಸಡಿಲಿಸಿ, ಅಪ್ಪನ ಕೈಲಿ ಕೈಪಂಪು ಒತ್ತಿಸಿದ. ಡೀಸೆಲ್ ಬರಬೇಕಾದ ಕಡೆ ಒಂದೆರಡು ಗುಳ್ಳೆ ಬಂದು ನಿಂತವು. ಒತ್ತಿದಷ್ಟೂ ಪಂಪು ಗಟ್ಟಿಯಾಗುತ್ತಿತ್ತೇ ಹೊರತು ತೊಟ್ಟು ಇಳಿಯಲಿಲ್ಲ. ಬಿಸಿಲು ಏರುತ್ತಿತ್ತು. ಟಾರ್ಪಾಲಿನ ಕೆಳಗಿನಿಂದ ಹಣ್ಣಿನ ಘಮ ಬೆಳಗ್ಗೆ ತಣ್ಣಗಿದ್ದದ್ದು ಈಗ ಬಿಸಿಯಾಗಿ ಬರುತ್ತಿತ್ತು. ಹಣ್ಣು ಬೇಯುತ್ತಿದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಚಿಕ್ಕಪ್ಪ ಮಾತ್ರ ಜಗುಲಿಯ ಸೀಟಿನ ಮೇಲೆ, ಅಪ್ಪನ ಜಾಗದಲ್ಲಿ, ಕೈ ಕಟ್ಟಿಕೊಂಡು ಕೂತಿದ್ದ. ಬೇರೆ ದಿನವಾದರೆ ಎಲ್ಲರಿಗಿಂತ ಮೊದಲು ಲಾರಿಯ ಕೆಳಗೆ ನುಗ್ಗಿ, ಅಂಗಿಯೆಲ್ಲ ಮಸಿ ಮಾಡಿಕೊಂಡು ಚಿಕ್ಕಮ್ಮನಿಂದ ಬೈಸಿಕೊಳ್ಳುವವನು. ಅವತ್ತು ಒಂದು ಸ್ಪ್ಯಾನರ್ ಎತ್ತಿಕೊಡಲೂ ಏಳಲಿಲ್ಲ. ಅಪ್ಪ ಪಂಪು ಒತ್ತುತ್ತಾ ಅವನ ಕಡೆ ತಿರುಗಿ ತಿರುಗಿ ನೋಡುತ್ತಿದ್ದ.

ಟ್ಯಾಂಕಿನ ನೆರಳಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ನನಗೆ ಟ್ಯಾಂಕಿನ ಪಕ್ಕೆ ಒಳಕ್ಕೆ ಹೋಗಿರುವುದು ಕಂಡಿತು. ಉಪವಾಸವಿದ್ದವರ ಹೊಟ್ಟೆಯ ಹಾಗೆ. ತುಂಬಿದ ಟ್ಯಾಂಕು ಹೀಗೇಕೆ ಸೊರಗಿತು ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಅಮ್ಮ ಒಳಗಿನಿಂದ ನೀರು ಕೊಡಲು ಕರೆದಳು. ಅಡುಗೆಮನೆಯಲ್ಲಿ ಅವಳು ಕಡಲೆಕಾಯಿ ಎಣ್ಣೆಯ ಹೊಸ ಡಬ್ಬ ತೆಗೆಯುತ್ತಿದ್ದಳು. ಗೋಡೆಯಲ್ಲಿ ದಾರಕ್ಕೆ ತೂಗುಹಾಕಿದ್ದ ಮೊಳೆಯನ್ನು ಇಟ್ಟು ಕುಟ್ಟಾಣಿಯಿಂದ ಕುಟ್ಟಿ ಒಂದು ತೂತು ಮಾಡಿದಳು. ಡಬ್ಬ ಬಗ್ಗಿಸಿದಳು. ಎಣ್ಣೆ ಗಳಕ್ಕೆಂದು ಒಂದು ಹನಿ ಬಿದ್ದು ನಿಂತಿತು. ಎದುರು ಮೂಲೆಯಲ್ಲಿ ಇನ್ನೊಂದು ತೂತು ಮಾಡಿದಳು. ಈಗ ದಾರದ ಹಾಗೆ ಇಳಿಯಿತು.

ಹುಟ್ಟಿದಾಗಿನಿಂದ ನೋಡಿದ ಕೆಲಸ ಅದು. ಎಣ್ಣೆ ಬರಲು ಒಂದು ತೂತು, ಗಾಳಿ ಒಳಗೆ ಹೋಗಲು ಇನ್ನೊಂದು. ನನ್ನ ಹೆಬ್ಬೆರಳು ಇನ್ನೂ ಹಳದಿಯಾಗಿತ್ತು. ಅದನ್ನು ನೋಡಿದೆ, ಡಬ್ಬ ನೋಡಿದೆ, ಕೈ ಹಿಂದಕ್ಕೆ ಕಟ್ಟಿಕೊಂಡೆ.

ಓಡಿಹೋಗಿ ಹೇಳಿದೆ ಎಂದು ಬರೆಯಬೇಕು ಎನಿಸುತ್ತದೆ. ಹೇಳಲಿಲ್ಲ. ಹೊಗೆಗೂಡಿನ ಕೆಳಗೆ ಗೋಡೆಗೆ ಒರಗಿ ನಿಂತೆ. ಅಪ್ಪನ ಕೈ ಎಷ್ಟು ಭಾರವೆಂದು ನನಗೆ ಗೊತ್ತಿತ್ತು. ಒಂದು ತಿಂಗಳಿಂದ ಇಡೀ ಮನೆಯನ್ನು ಬೇಯಿಸಿದ್ದು ನನ್ನ ಬೆರಳು ಎಂದರೆ ಅವನು ಚರ್ಮ ಸುಲಿಯುತ್ತಾನೆ. ಪ್ಯಾರು ಮಾಮ ತಾನೇ ಕಂಡುಹಿಡಿಯಲಿ, ಯಾರು ಹಚ್ಚಿದ್ದೆಂದು ಯಾರೂ ಕೇಳದಿರಲಿ ಎಂದು ಬೇಡಿಕೊಂಡೆ. ಅಮ್ಮ "ನೀರು ಕೊಟ್ಯೇನೇ?" ಎಂದಳು. ಚೊಂಬು ನನ್ನ ಕಾಲ ಹತ್ತಿರ ಇತ್ತು. ಒಂದು ಕಾಲುಗಂಟೆ ಆಗಿರಬಹುದು. ಐವತ್ತು ದಾಟಿದ ಮೇಲೂ ನನಗೆ ಆ ಕಾಲುಗಂಟೆಯ ಲೆಕ್ಕ ಕೊಡಲು ಬರುವುದಿಲ್ಲ. ಆ ಕಾಲುಗಂಟೆಯಲ್ಲೇ ಹೊರಗೆ ಅಪ್ಪನ ಗಂಟಲು ಏರಿತು.

"ಎದ್ದೇಳೋ ಮೇಲೆ! ಗಾಡಿ ಹಿಂಗ್ ನಿಂತದೆ, ನೀನು ಮದುವೆಗಂಡಿನ ಥರ ಕೂತಿದ್ದೀಯಲ್ಲ. ಏನ್ ಮಾಡಿಟ್ಟಿದ್ದೀಯ ಹೇಳು!"

"ನಾನೇನೂ ಮಾಡಿಲ್ಲಣ್ಣ."

"ಡೀಸೆಲ್ ಬದ್ಲು ಏನ್ ತುಂಬ್ಸಿದ್ದೀಯ?"

"ಅಣ್ಣಾ, ತಡಿಯಣ್ಣ," ಪ್ಯಾರು ಮಾಮನ ದನಿ. "ಹಂಗೆಲ್ಲ ಅನ್ಬೇಡ. ಪೈಪಲ್ಲಿ ಕಸ ಇರ್ಬೋದು."

"ನೀನ್ ಸುಮ್ನಿರು. ಕಳ್ಳ ಕಣೋ ಇವ್ನು. ನನ್ ಬೆನ್ನಿಗೆ ಹುಟ್ಟಿದ ಕಳ್ಳ!"

ಅಡುಗೆಮನೆಯಲ್ಲಿ ಅಮ್ಮನ ಕೈ ನಿಂತಿತು. ಒಳಕೋಣೆಯಲ್ಲಿ ಚಿಕ್ಕಮ್ಮ ಟ್ರಂಕು ಎಳೆದ ಸದ್ದು ಕೇಳಿಸಿತು. ಅದನ್ನು ಕೇಳಿದ ಮೇಲೆ ನಿಂತಿರಲು ನನ್ನಿಂದ ಆಗಲಿಲ್ಲ. ದಾರದ ಸಮೇತ ಮೊಳೆ ಕಿತ್ತುಕೊಂಡು ಹೊರಗೆ ಬಂದು, ಅಪ್ಪನ ಕಡೆ ನೋಡದೆ ಪ್ಯಾರು ಮಾಮನ ಕೈಗೆ ಕೊಟ್ಟೆ.

"ಮಾಮಾ, ಅದರ ಇನ್ನೊಂದು ತೂತು... ನಾನು ಮುಚ್ಬಿಟ್ಟಿದ್ದೀನಿ."

"ಕ್ಯಾ ಬೇಟಿ? ಯಾವ ತೂತು?"

ನಾನು ಹಳದಿ ಬೆರಳಿನಿಂದ ಮುಚ್ಚಳ ತೋರಿಸಿದೆ. ಪ್ಯಾರು ಮಾಮ ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಟ್ಯಾಂಕಿನ ಒಳಸೇರಿದ ಪಕ್ಕೆ ನೋಡಿ ಹಣೆ ಚಚ್ಚಿಕೊಂಡ. ಅಜ್ಜಿಯೇ ಬಂದು ಹೂ ತೆಗೆದಳು. ಅವನು ಮುಚ್ಚಳ ತಿರುಗಿಸಿದ್ದೇ ತಡ, ಟ್ಯಾಂಕು ಉದ್ದಕ್ಕೆ ಉಸಿರು ಎಳೆದುಕೊಂಡಿತು. ಸುಯ್ಯೆಂದು, ನಿಲ್ಲದೆ. ಕೊನೆಗೆ ಒಳಸೇರಿದ್ದ ತಗಡು ಡಬ್ಬೆಂದು ಹೊರಕ್ಕೆ ಬಂತು. ಅಜ್ಜಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. ಪ್ಯಾರು ಮಾಮ ಮುಚ್ಚಳವನ್ನು ಬೆಳಕಿಗೆ ಹಿಡಿದು, ಮೊಳೆಯ ತುದಿಯಿಂದ ಗಟ್ಟಿಯಾದ ಅರಿಶಿನವನ್ನು ಕೆರೆದು ಕೆರೆದು ತೆಗೆದ.

"ಡೀಸೆಲ್ ಹೋದಷ್ಟು ಗಾಳಿ ಒಳಗೆ ಬರ್ಬೇಕು ಅಣ್ಣಾ. ಇಲ್ಲಾಂದ್ರೆ ಟ್ಯಾಂಕೇ ಡೀಸೆಲ್ ಹಿಡ್ಕೊಂಡ್ಬಿಡ್ತದೆ, ಬಿಡಲ್ಲ. ಫುಲ್ ಟ್ಯಾಂಕ್ ಇದ್ರಂತೂ ಬೇಗ ನಿಲ್ತದೆ. ಅದಕ್ಕೇ ಇಲ್ಲಿಂದ ತುಂಬಿಸ್ಕೊಂಡು ಹೋದ್ರೆ ನಂಗಲಿ ತನಕ. ನಾನ್ ಬಂದು ಮುಚ್ಚಳ ತೆಗ್ದೆ ಅಂದ್ರೆ ಸರಿಹೋಗ್ತಿತ್ತು, ನನ್ ಕೈಗುಣ ಅಂದ್ಕೊಂಡೆ. ಸುಮಾರು ಹೊತ್ತು ನಿಂತ್ರೆ ಸಂದಿಯಿಂದ ಗಾಳಿ ಸೇರಿ ತಾನಾಗೇ ಶುರು ಆಗ್ತದೆ. ರಾಜಣ್ಣಂದು ಏನೂ ತಪ್ಪಿಲ್ಲ."

ಪಂಪು ಒತ್ತಿದರು. ಗುಳ್ಳೆ ಬಂತು, ಆಮೇಲೆ ಡೀಸೆಲ್ ಚಿಮ್ಮಿತು. ಚಿಕ್ಕಪ್ಪ ಎದ್ದು ಬಂದು, ಹತ್ತಿ, ಸೆಲ್ಫ್ ಹೊಡೆದ. ಇಂಜಿನ್ ಮೊದಲ ಸಲಕ್ಕೇ ಹಿಡಿಯಿತು. ನಾನು ಏಟಿಗೆ ಕಾಯುತ್ತಾ ಕಣ್ಣು ಮುಚ್ಚಿ ನಿಂತಿದ್ದೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅಪ್ಪ ನನ್ನನ್ನು ನೋಡುತ್ತಲೇ ಇರಲಿಲ್ಲ. ಚಿಕ್ಕಪ್ಪ ಇಂಜಿನ್ ಓಡುತ್ತಿದ್ದಂತೆಯೇ ಕೆಳಗಿಳಿದು ಬಾಗಿಲು ತೆರೆದಿಟ್ಟು ನಿಂತಿದ್ದ.

"ಅಣ್ಣ, ಗಾಡಿ ಸರಿಯಾಗದೆ. ಬೇರೆ ಡ್ರೈವರ್ ನೋಡ್ಕೊ. ನಿನ್ನೇನೇ ಹೋಗಿದ್ರೆ ಕಳ್ಳ ಅಂತ ಆಗ್ತಿತ್ತು. ಈಗ ಹೋಗ್ಬೋದು."

ಅಪ್ಪನಿಗೆ ತಪ್ಪಾಯಿತು ಎನ್ನಲು ಬರುತ್ತಿರಲಿಲ್ಲ. ಅವನ ಬಾಯಿಂದ ಆ ಮಾತು ಯಾರೂ ಕೇಳಿದವರಿಲ್ಲ. ಲಾರಿಯ ಮುಂದೆ ಕುಂಟುತ್ತಾ ಬಳಸಿ ಆ ಕಡೆಗೆ ಹೋದ. ಕ್ಲೀನರ್ ಕೂರುವ ಕಡೆಯ ಬಾಗಿಲು ತೆಗೆದು, ಮಡಿಸಲಾಗದ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡು, ತಮ್ಮನ ಸೀಟಿನ ಪಕ್ಕದಲ್ಲಿ ಕೂತ. ಮುಂದೆ ನೋಡುತ್ತಾ ಹೇಳಿದ:

"ಹತ್ತೋ. ಹಣ್ಣು ಬೇಯ್ತದೆ."

ಚಿಕ್ಕಪ್ಪ ಬಹಳ ಹೊತ್ತು ನಿಂತಿದ್ದ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕೊನೆಗೆ ಹತ್ತಿದ. ನಿಂಬೆಹಣ್ಣು ಚಟ್ಟೆಂದು ಒಡೆಯಿತು, ಲಾರಿ ರಸ್ತೆ ಸೇರಿತು.

ಮನೆ ಮಾತ್ರ ಉಳಿಯಲಿಲ್ಲ. ಆ ಹಂಗಾಮು ಮುಗಿಯುವ ತನಕ ಚಿಕ್ಕಪ್ಪನೇ ಓಡಿಸಿದ. ಆಮೇಲೆ ಯಾರ ಜೊತೆಗೂ ಜಗಳವಿಲ್ಲದೆ ನಂಗಲಿಯಲ್ಲಿ ಮನೆ ಮಾಡಿದ. ಹಬ್ಬಕ್ಕೆ ಬರುತ್ತಿದ್ದ, ಅಜ್ಜಿಗಾಗಿ ಅಣ್ಣನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ. ನಾನಿಟ್ಟ ಅರಿಶಿನದ ಕತೆಯನ್ನು ಎಲ್ಲರೂ ನಗೆಯ ಕತೆ ಮಾಡಿಕೊಂಡು ನೆಂಟರಿಗೆಲ್ಲ ಹೇಳಿದರು. ಕಳ್ಳ ಎಂಬ ಮಾತನ್ನು ಆ ಕತೆಯಿಂದ ಬಿಟ್ಟುಬಿಟ್ಟರು. ಅಡುಗೆಮನೆಯ ಕಾಲುಗಂಟೆಯನ್ನು ನಾನು ಬಿಟ್ಟೆ. ಆ ಒಂದು ಮಾತು ಬಾಯಿಂದ ಹೊರಬೀಳುವ ಮೊದಲೇ ನಾನು ಹೋಗಬಹುದಿತ್ತು, ಹೋಗಿದ್ದರೆ ಒಲೆ ಒಂದೇ ಇರುತ್ತಿತ್ತು ಎಂದು ಎಷ್ಟೋ ವರ್ಷ ಒಳಗೇ ಕೊರಗಿದ್ದೇನೆ. ಈಗ ಯಾವ ಮನೆಯಲ್ಲಿ ಯಾರ ಮೇಲೆ ಯಾರು ಅನುಮಾನದ ಮಾತು ತೆಗೆದರೂ ನಾನು ನಡುವೆ ಬಾಯಿ ಹಾಕುತ್ತೇನೆ. ನನ್ನನ್ನು ಬಾಯಿಬಡಕಿ ಎನ್ನುವವರಿದ್ದಾರೆ. ಎನ್ನಲಿ.

ಈಚೆಗೆ ಅಪ್ಪನ ತಿಥಿಗೆ ಚಿಕ್ಕಪ್ಪ ಕೋಲಾರದ ನಮ್ಮ ಮನೆಗೆ ಬಂದಿದ್ದ. ಎಪ್ಪತ್ತು ದಾಟಿದ್ದಾನೆ, ಕಿವಿ ಮಂದ. ಊಟವಾದ ಮೇಲೆ ನಾವಿಬ್ಬರೇ ಇದ್ದಾಗ ಧೈರ್ಯ ಮಾಡಿ ಹೇಳಿದೆ. ಅವತ್ತು ಅಪ್ಪ ಆ ಮಾತು ಅನ್ನುವ ಮೊದಲೇ ನನಗೆ ಗೊತ್ತಾಗಿತ್ತು, ಹೆದರಿ ಅಡುಗೆಮನೆಯಲ್ಲಿ ನಿಂತಿದ್ದೆ, ನನ್ನಿಂದಲೇ ನೀನು ಮನೆ ಬಿಡಬೇಕಾಯಿತು ಎಂದೆ. ಹೇಳುವಾಗ ನನಗೆ ಅಳು ಬಂತು.

ಚಿಕ್ಕಪ್ಪ ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ.

"ನಂಗೂ ಗೊತ್ತಿತ್ತು ಕಣೇ ಮಂಜಿ."

"ಏನ್ ಗೊತ್ತಿತ್ತು?"

"ಕೈಕಾಲು ತೊಳಿಯೋವಾಗ ಟ್ಯಾಂಕ್ ನೋಡ್ದೆ. ಒಳಕ್ ಹೋಗಿತ್ತು. ಮುಚ್ಚಳದ ಮೇಲೆ ನಿನ್ ಅರಿಶಿನ. ಡ್ರೈವರ್ ಅಲ್ವಾ ನಾನು, ಅಷ್ಟೂ ಗೊತ್ತಾಗಲ್ವಾ? ಕೈ ಹಾಕಿ ಬಿಚ್ಚಿದ್ರೆ ಮುಗೀತಿತ್ತು."

"ಮತ್ಯಾಕ್ ಬಿಚ್ಚಲಿಲ್ಲ ಚಿಕ್ಕಪ್ಪ?"

"ಬಿಚ್ಚೋಕ್ ಮುಂಚೆ ಅಣ್ಣನ ಬಾಯಿಂದ ಒಂದ್ ಮಾತು ಕೇಳ್ಬೇಕಿತ್ತು. ಗಾಡಿ ಯಾಕ್ ನಿಲ್ತದೋ ಗೊತ್ತಿಲ್ಲ, ಆದ್ರೆ ನನ್ ತಮ್ಮ ಅಂಥವ್ನಲ್ಲ ಅಂತ. ಅಂತಾನೆ, ಈಗ ಅಂತಾನೆ ಅಂತ ಕಾಯ್ತಾ ಕೂತೆ."

ಅವನು ಕಿಟಕಿಯಾಚೆ ಎಲೆಯಡಿಕೆ ಉಗಿದ. ಆಮೇಲೆ ನನ್ನ ಬಲಗೈ ಎಳೆದುಕೊಂಡು, ಚಿಕ್ಕಂದಿನಲ್ಲಿ ಸ್ಟೇರಿಂಗ್ ಹಿಡಿಸುವಾಗ ಮಾಡುತ್ತಿದ್ದ ಹಾಗೆ, ಹೆಬ್ಬೆರಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡ.

"ನೀನು ಒಂಬತ್ತು ವರ್ಷದವಳು, ಹೆದರ್ಕೊಂಡೇ ಆದ್ರೂ ಮೊಳೆ ತಂದೆ. ನಾನು ಮೂವತ್ತರ ಗಂಡಸು, ಸೀಟ್ ಮೇಲೆ ಕೂತೇ ಇದ್ದೆ. ಮನೆ ಬಿಡಿಸಿದ್ದು ನೀನಲ್ಲ ಕಣೇ."